ಅಂಕಪಟ್ಟಿಯ ಹಿಂಬದಿ

ಜುಲೈ 8, ಸೋಮವಾರ, ಬೆಳಿಗ್ಗೆ 10.40ಕ್ಕೆ ಒಬ್ಬ ಹುಡುಗಿ ಠಾಣೆಗೆ ಬಂದು, ತನ್ನ ಹನ್ನೆರಡು ಕ್ರೆಡಿಟ್ಟುಗಳನ್ನು ಯಾರೋ ಹಾಳು ಮಾಡಿದ್ದಾರೆ ಎಂದು ದೂರು ಕೊಟ್ಟಳು. ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಎತ್ತಿ ಅವಳ ಮುಖ ನೋಡಿದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಸೈಕಲ್ಲು, ಸರ, ಒಮ್ಮೆ ನಿಂತ ನಿಲುವಿನಲ್ಲೇ ಮಾಯವಾದ ಕಬ್ಬಿಣದ ಗೇಟು, ಎಲ್ಲದರ ದೂರೂ ಬರೆದಿದ್ದರು. ಇದು ಯಾವ ರಿಜಿಸ್ಟರಿಗೆ ಹೋಗಬೇಕೆಂದು ಅವರಿಗೆ ಹೊಳೆಯಲಿಲ್ಲ.

"ಒಳಗೆ ಮೇಡಂ ಇದಾರೆ, ಅವರಿಗೇ ಹೇಳಮ್ಮ," ಎಂದರು.

ಇನ್‌ಸ್ಪೆಕ್ಟರ್ ಮೇಡಂ ಮಾತು ಕಡಿಮೆ, ಓದು ಜಾಸ್ತಿ ಎನ್ನುವ ಜಾತಿ. ಯಾರು ಯಾವ ಕಾಗದ ಕೊಟ್ಟರೂ ಮುಂದೆ ಓದಿ, ತಿರುಗಿಸಿ ಹಿಂದೆಯೂ ನೋಡಿ ಆಮೇಲೆ ಕೆಳಗಿಡುವುದು ಅವರ ಅಭ್ಯಾಸ. ಹುಡುಗಿ ಕೊಟ್ಟ ಪ್ರಿಂಟನ್ನೂ ಹಾಗೇ ನೋಡಿದರು.

ಹುಡುಗಿ ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಮೂರನೇ ಸೆಮಿಸ್ಟರನ್ನು ಹೊರದೇಶದ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದಳು. ಐದು ವಿಷಯ, ವಿಷಯಕ್ಕೆ ನಾಲ್ಕು ಕ್ರೆಡಿಟ್. ಅಲ್ಲಿಂದ ಅಂಕಪಟ್ಟಿ ಮೊಹರಾದ ಲಕೋಟೆಯಲ್ಲಿ ಇಲ್ಲಿಗೆ ಬರಬೇಕು, ಇಲ್ಲಿನ ಸಮಿತಿ ಆ ಕ್ರೆಡಿಟ್ಟುಗಳನ್ನು ತನ್ನ ಲೆಕ್ಕಕ್ಕೆ ವರ್ಗಾಯಿಸಿಕೊಳ್ಳಬೇಕು. ಲಕೋಟೆ ಬಂತು. ಸಮಿತಿ ಜೂನ್ 19ರಂದು ಮೂರು ವಿಷಯದಲ್ಲಿ ಫೇಲ್ ಎಂದು ಬರೆದು ಕಡತ ಮುಚ್ಚಿತು.

"ಅಲ್ಲಿ ಒಂದು ಅಂದ್ರೆ ಎಲ್ಲಕ್ಕಿಂತ ಮೇಲು ಮೇಡಂ. ಎರಡು, ಮೂರು ಪಾಸು. ನಾಲ್ಕು ಅಂದ್ರೆ ಫೇಲು," ಎಂದಳು ಹುಡುಗಿ. "ನನಗೆ ಮೂರರಲ್ಲಿ ಒಂದು ಬಂದಿತ್ತು. ಬರೋ ಮುಂಚೆ ಅವರ ಕಂಪ್ಯೂಟರಿನಿಂದಲೇ ತೆಗೆದ ಪ್ರಿಂಟು ಇದು. ಲಕೋಟೆಯೊಳಗಿನ ಹಾಳೆಯಲ್ಲಿ ಅದೇ ಮೂರರಲ್ಲಿ ನಾಲ್ಕು ಇದೆ."

"ವಿಶ್ವವಿದ್ಯಾಲಯ ಏನನ್ನುತ್ತೆ?"

"ಲಕೋಟೆಯಲ್ಲಿ ಬಂದಿದ್ದೇ ಸತ್ಯವಂತೆ. ನನ್ನ ಪ್ರಿಂಟು ನಾನೇ ತಯಾರು ಮಾಡಿದ್ದಂತೆ. ಶಿಸ್ತು ಕ್ರಮ ಅಂತ ನೋಟಿಸ್ ಕೊಟ್ಟಿದಾರೆ."

"ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬರೆದ್ಯಾ?"

"ಮೂರು ಸಲ. ವಿದ್ಯಾರ್ಥಿಗಳಿಗೆ ಉತ್ತರ ಕೊಡಲ್ಲ, ಕಚೇರಿಯಿಂದ ಬರಲಿ ಅಂದ್ರು. ಇಲ್ಲಿನ ಕಚೇರಿ ಬರೆಯಲ್ಲ ಅಂತು." ಅವಳು ಇನ್ನೊಂದು ಕಾಗದ ಮೇಜಿನ ಮೇಲಿಟ್ಟಳು. "ಅಲ್ಲೇ ಸಂಶೋಧನೆಗೆ ಸೀಟು ಸಿಕ್ಕಿದೆ. ಜುಲೈ 31ರೊಳಗೆ ಡಿಗ್ರಿ ತೋರಿಸದಿದ್ರೆ ಹೋಯ್ತು."

ಅವಳ ಜೊತೆ ಅಪ್ಪ ಬಂದಿದ್ದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕುರ್ಚಿ ತೋರಿಸಿದರೂ ಬಾಗಿಲ ಬಳಿಯೇ ನಿಂತಿದ್ದರು.

"ಅಪ್ಪ ಅದೇ ವಿಶ್ವವಿದ್ಯಾಲಯದ ಟಪಾಲು ವಿಭಾಗದ ಗುಮಾಸ್ತರು ಮೇಡಂ. ಮೂವತ್ತೊಂದು ವರ್ಷ ದುಡಿದಿದಾರೆ. ಆದ್ರೂ ಒಬ್ಬರೂ ಇವರ ಮಾತಿಗೆ ಬೆಲೆ ಕೊಡಲಿಲ್ಲ."

ಮೇಡಂ ಅವರತ್ತ ತಿರುಗಿದರು. "ಆ ಲಕೋಟೆ ನಿಮ್ಮ ಕೈಮೇಲೇ ಬಂದಿರಬೇಕಲ್ಲ?"

"ದಿನಕ್ಕೆ ಇನ್ನೂರು ಬರುತ್ತೆ ಮೇಡಂ. ಯಾವುದು ಅಂತ ನೆನಪಿಟ್ಕೊಳ್ಳೋದು." ಆಮೇಲೆ ಮಗಳಿಗೆ ಮೆಲ್ಲಗೆ, "ನಡಿಯಮ್ಮ, ಬೇಡ. ದೊಡ್ಡವರ ವಿರುದ್ಧ ಹೋಗಿ ನಾವು ಗೆಲ್ಲೋದುಂಟಾ."

"ನಾನು ಹೋಗಲ್ಲಪ್ಪ," ಎಂದಳು ಮಗಳು.

11.25ಕ್ಕೆ ಎಫ್‌ಐಆರ್ ದಾಖಲಾಯಿತು: ದಾಖಲೆ ತಿದ್ದಿದ ಆರೋಪ, ಆರೋಪಿ ಅಪರಿಚಿತ. ಅನುಮಾನ ಯಾರ ಮೇಲೆ ಎಂಬ ಪ್ರಶ್ನೆಗೆ ಹುಡುಗಿ ತಡವರಿಸದೆ ಸಮಿತಿಯ ಅಧ್ಯಕ್ಷರಾದ ಪ್ರೊಫೆಸರರನ್ನು ಹೇಳಿದಳು. ಅವಳು ಹೊರದೇಶಕ್ಕೆ ಹೊರಡುವ ಮುಂಚೆ ಅವರು, "ಹೊರಗೆ ಹೋಗಿ ಮಜಾ ಮಾಡಿ ಬಂದವರಿಗೆ ನಾನ್ಯಾಕೆ ಕ್ರೆಡಿಟ್ ಕೊಡಲಿ" ಎಂದು ತರಗತಿಯಲ್ಲೇ ಅಂದಿದ್ದರಂತೆ. ಬಾಗಿಲಲ್ಲಿದ್ದ ಅಪ್ಪ ಅದಕ್ಕೂ ಹೂಂಗುಟ್ಟಿದರು.

ಜುಲೈ 9, ಮಧ್ಯಾಹ್ನ 12.10. ಪರೀಕ್ಷಾ ವಿಭಾಗದ ಎರಡನೇ ಮಹಡಿಯ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಕೋಣೆಯ ತುಂಬ ಕಬ್ಬಿಣದ ಬೀರುಗಳು, ಬೀರುಗಳ ನೆತ್ತಿಯ ಮೇಲೂ ಕಡತಗಳು, ಕಿಟಕಿ ತೆರೆಯಲು ಜಾಗವಿಲ್ಲ. ಪಂಚರಾಗಿ ಗ್ರಂಥಾಲಯದ ಇಬ್ಬರು ನೌಕರರು ಬಂದರು. ವಿಭಾಗದ ಅಧೀಕ್ಷಕಿ ಕಡತವನ್ನು ಮೇಜಿನ ಮೇಲೆ ಇಡುವಾಗಲೇ ತಮ್ಮ ತಪ್ಪಿಲ್ಲವೆಂದು ಎರಡು ಸಲ ಹೇಳಿದರು.

"ಲಕೋಟೆ ಯಾರು ಒಡೆದದ್ದು?"

"ನಾನು. ಮೂರು ಜನರ ಎದುರಿಗೆ. ಮೊಹರು ಸರಿಯಾಗಿತ್ತು, ನೋಡಿ, ಮೂವರದ್ದೂ ಸಹಿ ಇದೆ."

ಮೊಹರೇನೋ ಸರಿಯಾಗಿಯೇ ಇತ್ತು. ಮೇಲಿನ ಮುಚ್ಚಳದ ಮೇಲೆ ಅಡ್ಡಲಾಗಿ ಒತ್ತಿದ ನೀಲಿ ಠಸ್ಸೆ ಒಂದು ಕೂದಲೂ ಸರಿದಿರಲಿಲ್ಲ. ಮೇಡಂ ಲಕೋಟೆಯನ್ನು ತಲೆಕೆಳಗು ಮಾಡಿದರು. ಕಾರ್ಖಾನೆಯಲ್ಲೇ ಅಂಟಿಸಿ ಬರುವ ಕೆಳಗಿನ ಮಡಿಕೆಯ ಅಂಚಿನಲ್ಲಿ ಹಳದಿ ಗೋಂದಿನ ಸಣ್ಣ ಸಾಲೊಂದು ಒಣಗಿ ನಿಂತಿತ್ತು.

"ಲಕೋಟೆಗೆ ಎರಡು ಬಾಯಿ ಇರುತ್ತಲ್ಲ," ಎಂದರು ಮೇಡಂ.

ಅಧೀಕ್ಷಕಿ ಕನ್ನಡಕ ಹಾಕಿಕೊಂಡು ನೋಡಿ, ತೆಗೆದು, ಮತ್ತೆ ಹಾಕಿಕೊಂಡರು. "ಕೆಳಗಿನದ್ದು ಯಾರು ನೋಡ್ತಾರೆ ಮೇಡಂ?"

ಅಂಕಪಟ್ಟಿ ಒಂದೇ ಹಾಳೆ, ದಪ್ಪ ಕಾಗದ. ವಿಷಯಗಳ ಹೆಸರು ಅಚ್ಚಿನಲ್ಲಿ, ಶ್ರೇಣಿ ಮಾತ್ರ ಶಾಯಿಯಲ್ಲಿ ಕೈಬರಹ. ಶ್ರೇಣಿಯ ಪಕ್ಕದ ಅಂಕಣದಲ್ಲಿ ಪ್ರತಿ ವಿಷಯಕ್ಕೂ ‘4’ ಎಂದು ಅಚ್ಚಾಗಿತ್ತು, ಅದು ಕ್ರೆಡಿಟ್ಟು. ಶ್ರೇಣಿಗಳ ಅರ್ಥ ವಿವರಿಸುವ ಕೋಷ್ಟಕ ಹಾಳೆಯ ಹಿಂಬದಿಯಲ್ಲಿತ್ತು. ಮೇಡಂ ಭೂತಗನ್ನಡಿ ಹಿಡಿದರು. ಆ ದೇಶದವರು ಒಂದನ್ನು ಬರೆಯುವಾಗ ಎಡಗಡೆಯಿಂದ ಉದ್ದನೆಯ ಏರುಗೆರೆ ಎಳೆದು ಆಮೇಲೆ ನೇರ ಕೆಳಗಿಳಿಸುತ್ತಾರೆ. ಅದಕ್ಕೊಂದು ಅಡ್ಡಗೆರೆ ಹಾಕಿದರೆ ಸಾಕು, ನಾಲ್ಕಾಗುತ್ತದೆ. ಮೂರು ಕಡೆ ಆ ಅಡ್ಡಗೆರೆಯ ಶಾಯಿ ಸ್ವಲ್ಪ ಹೆಚ್ಚು ಕಪ್ಪಾಗಿತ್ತು, ಮತ್ತು ಮೂರರಲ್ಲೂ ಗೆರೆಯ ಬಲತುದಿ ಪುಟ್ಟ ಕೊಕ್ಕೆಯಂತೆ ಮೇಲಕ್ಕೆದ್ದಿತ್ತು.

"ಹುಡುಗಿ ಹೇಳಿದ್ದು ನಿಜ," ಎಂದರು ದಫೇದಾರರು.

"ಗೆರೆ ನಿಜ. ಎಳೆದವರು ಯಾರು ಅನ್ನೋದು ಬೇಕು." ಲಕೋಟೆ, ಹಾಳೆ, ಟಪಾಲು ವಿಭಾಗದ ಆವಕ ರಿಜಿಸ್ಟರ್ ಮೂರನ್ನೂ ವಶಪಡಿಸಿಕೊಂಡು 1.50ಕ್ಕೆ ಪಂಚನಾಮೆ ಮುಗಿಸಿದರು. ರಿಜಿಸ್ಟರಿನ ಪ್ರಕಾರ ಲಕೋಟೆ ಬಂದದ್ದು ಜೂನ್ 12, ಸಮಿತಿಗೆ ಹೋದದ್ದು ಜೂನ್ 14. ಆ ಪುಟದ ಉಳಿದ ಲಕೋಟೆಗಳೆಲ್ಲ ಬಂದ ದಿನವೇ ಹೋಗಿದ್ದವು.

ಅದೇ ಸಂಜೆ 4.30ಕ್ಕೆ ಪ್ರೊಫೆಸರರ ವಿಚಾರಣೆ. ಅವರ ಕೋಣೆಯಲ್ಲಿ ಕಲ್ಲುಗಳು ಪುಸ್ತಕಗಳಿಗಿಂತ ಜಾಸ್ತಿ ಇದ್ದವು. ಪ್ರತಿ ಕಲ್ಲಿಗೂ ಒಂದು ಚೀಟಿ. ಪೊಲೀಸರಿಗೆ ಕುಳಿತುಕೊಳ್ಳಿ ಎನ್ನಲಿಲ್ಲ.

"ಆ ಹುಡುಗಿ ಹೊರಗೆ ಓದೋದು ನಿಮಗೆ ಇಷ್ಟವಿರಲಿಲ್ಲ?"

"ಇರಲಿಲ್ಲ. ಈಗಲೂ ಇಲ್ಲ."

"ಹಾಗಾಗಿ ಫೇಲ್ ಮಾಡಿದ್ರಿ?"

"ನೋಡಿ, ಅವಳಿಗೆ ಕ್ರೆಡಿಟ್ ಕೊಡಬಾರದು ಅಂತಿದ್ರೆ ನಮ್ಮ ಪಠ್ಯಕ್ಕೂ ಅವರ ಪಠ್ಯಕ್ಕೂ ಹೊಂದಲ್ಲ ಅಂತ ಒಂದು ಸಾಲು ಬರೆದ್ರೆ ಸಾಕಿತ್ತು. ಅದಕ್ಕೆ ನನಗೆ ಅಧಿಕಾರ ಇದೆ. ಕಳ್ಳನ ಹಾಗೆ ಅಂಕಿ ತಿದ್ದೋ ದರ್ದು ನನಗಿಲ್ಲ." ಅವರು ಒಂದು ಕಲ್ಲನ್ನು ಎತ್ತಿ ಅದರ ಜಾಗದಲ್ಲೇ ಇಟ್ಟರು. "ಹಾಳೆಯಲ್ಲಿ ನಾಲ್ಕಿತ್ತು. ಹಿಂಬದಿ ಓದಿದೆ. ನಾಲ್ಕು ಅಂದ್ರೆ ಫೇಲ್ ಅಂತಿತ್ತು. ಫೇಲ್ ಅಂತ ಬರೆದೆ."

"ತಪ್ಪಿರಬಹುದು ಅಂತ ಅನ್ನಿಸಲೇ ಇಲ್ವಾ? ನಿಮ್ಮ ವಿದ್ಯಾರ್ಥಿನಿ."

"ಮೊಹರಾದ ಲಕೋಟೆಯನ್ನ ಅನುಮಾನಿಸೋದು ನನ್ನ ಕೆಲಸ ಅಲ್ಲ."

ಮೆಟ್ಟಿಲಿಳಿಯುವಾಗ ದಫೇದಾರರು, "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ. ಬಿ.ಪಿ. ಏರುತ್ತೆ ಇಂಥವರನ್ನ ಕಂಡ್ರೆ," ಎಂದು ಗೊಣಗಿದರು. ಮೇಡಂಗೂ ಆ ಮನುಷ್ಯ ಹಿಡಿಸಿರಲಿಲ್ಲ. ಆದರೆ ಅವರು ಹೇಳಿದ್ದು ಸರಿಯಿತ್ತು, ಅದೇ ಬೇಜಾರು.

ಜುಲೈ 10ರಂದು ಹೊರದೇಶದ ವಿಶ್ವವಿದ್ಯಾಲಯಕ್ಕೆ ಠಾಣೆಯಿಂದ ಅಧಿಕೃತ ಪತ್ರ ಹೋಯಿತು. ಉತ್ತರ ಬಂದದ್ದು ಜುಲೈ 15ರ ಬೆಳಿಗ್ಗೆ. ಮೂರೂ ವಿಷಯದಲ್ಲಿ ಶ್ರೇಣಿ ಒಂದು. ಭೂಕಂಪ ಶಾಸ್ತ್ರದಲ್ಲಿ ಆ ಸೆಮಿಸ್ಟರಿನಲ್ಲಿ ಒಂದು ಪಡೆದವಳು ಇವಳೊಬ್ಬಳೇ ಎಂದು, ಯಾರೂ ಕೇಳದೆಯೇ, ಅಲ್ಲಿನ ಅಧಿಕಾರಿ ಕೊನೆಯಲ್ಲಿ ಸೇರಿಸಿದ್ದರು.

ಹುಡುಗಿಗೆ ಫೋನ್ ಮಾಡಿ ಹೇಳಿದಾಗ ಅವಳು, "ಹಾಗಾದ್ರೆ ಕ್ರೆಡಿಟ್ ಕೊಡ್ತಾರಾ?" ಎಂದಳು. ವಿಶ್ವವಿದ್ಯಾಲಯ ಕೊಡಲಿಲ್ಲ. ತಿದ್ದಿದವರು ಯಾರೆಂದು ಪೊಲೀಸ್ ವರದಿ ಬರುವ ತನಕ ಕಡತ ಅಲುಗಾಡದು, ತಿದ್ದಿದ್ದು ಅವಳೇ ಏಕಾಗಿರಬಾರದು, ಎಂದು ಅಧೀಕ್ಷಕಿ ಲಿಖಿತದಲ್ಲೇ ಕೊಟ್ಟರು. 31ಕ್ಕೆ ಹದಿನಾರು ದಿನ ಉಳಿದಿತ್ತು.

ಮೇಡಂ ಹಾಳೆಯ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದರು.

"ಇದನ್ನ ಮಾಡಿದವರಿಗೆ ನಾಲ್ಕು ಅಂದ್ರೆ ಫೇಲ್ ಅಂತ ಗೊತ್ತಿತ್ತು ಅಂದ್ಕೊಂಡೇ ಓಡಾಡಿದ್ವಿ," ಎಂದರು. "ಗೊತ್ತಿದ್ದು ಕೆಡಿಸೋನು ಐದನ್ನೂ ಕೆಡಿಸ್ತಿದ್ದ. ಮೂರು ಒಂದುಗಳು ಮಾತ್ರ ಯಾಕೆ? ಉಳಿದೆರಡು ವಿಷಯದಲ್ಲಿ ಬಂದಿರೋ ‘2’ನ್ನ ಮುಟ್ಟೇ ಇಲ್ಲ."

ದಫೇದಾರರು ಗೋಡೆಯ ಹತ್ತಿರ ಹೋಗಿ ಆ ಕೊಕ್ಕೆಗಳನ್ನೇ ನೋಡುತ್ತ ನಿಂತಿದ್ದರು.

"ಮೇಡಂ, ಈ ನಾಲ್ಕನ್ನ ನಾನು ಎಲ್ಲೋ ನೋಡಿದೀನಿ."

"ಎಲ್ಲಿ?"

"ಅದೇ ಗೊತ್ತಾಗ್ತಿಲ್ಲ. ಆದ್ರೆ ನೋಡಿದ್ರೆ ಯಾವುದೋ ಹಳೇ ಸಿಟ್ಟು ಬರುತ್ತೆ."

ಮರುದಿನ, ಜುಲೈ 16ರ ಬೆಳಿಗ್ಗೆ 9.15ಕ್ಕೆ, ದಫೇದಾರರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಅವರ ಪದವಿಯ ಅಂಕಪಟ್ಟಿ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅದೇ ವಿಶ್ವವಿದ್ಯಾಲಯ ಕೊಟ್ಟದ್ದು, ಕಂಪ್ಯೂಟರ್ ಇನ್ನೂ ಬಂದಿರದ ಕಾಲದ ಕೈಬರಹದ್ದು.

"ಮೂರು ವಿಷಯದಲ್ಲಿ ನಲವತ್ನಾಲ್ಕು ಮೇಡಂ. ಆರು ನಾಲ್ಕುಗಳು. ಇವುಗಳಿಂದಲೇ ನನಗೆ ಮೇಷ್ಟ್ರ ಕೆಲಸ ತಪ್ಪಿದ್ದು."

ಆರೂ ನಾಲ್ಕುಗಳ ಅಡ್ಡಗೆರೆ ಬಲತುದಿಯಲ್ಲಿ ಕೊಕ್ಕೆಯಾಗಿ ಮೇಲೆದ್ದಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹಾಳೆಯ ತಳದಲ್ಲಿ ‘ಬರೆದವರು’, ‘ತಾಳೆ ನೋಡಿದವರು’ ಎಂಬ ಎರಡು ಸಾಲುಗಳ ಮುಂದೆ ಎರಡು ಚುಟುಕು ಸಹಿ.

ಮೇಡಂ ಅಂಕಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿ, ಮತ್ತೆ ಮುಂದಕ್ಕೆ ತಿರುಗಿಸಿ, ಎಫ್‌ಐಆರ್ ಪ್ರತಿಯನ್ನು ಪಕ್ಕದಲ್ಲಿಟ್ಟರು. ದೂರು ಕೊಟ್ಟ ದಿನ ಮಗಳ ಜೊತೆ ಸಾಕ್ಷಿಯಾಗಿ ಅಪ್ಪನೂ ಅದರಲ್ಲಿ ಸಹಿ ಮಾಡಿದ್ದರು. ‘ಬರೆದವರು’ ಮುಂದಿನ ಸಹಿಯೂ ಅದೇ. ಆಮೇಲೆ ಆವಕ ರಿಜಿಸ್ಟರ್ ತೆರೆದರು. ಜೂನ್ 14ರ ನಾಲ್ಕಿಗೂ ಕೊಕ್ಕೆಯಿತ್ತು.

ದಫೇದಾರರಿಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅವತ್ತು ಮಧ್ಯಾಹ್ನ ನಿವೃತ್ತ ಮೇಲ್ವಿಚಾರಕರೊಬ್ಬರ ಹೇಳಿಕೆ ಪಡೆದರು. ಹುಡುಗಿಯ ಅಪ್ಪನನ್ನು ಅಂಕಪಟ್ಟಿ ಬರೆಯುವ ಕೆಲಸಕ್ಕೆ ಪಳಗಿಸಿದವರು ಅವರೇ. "ಮುತ್ತಕ್ಷರ ಅಂತಲೇ ಕರೀತಿದ್ವಿ ಅವನನ್ನ. ಹದಿನೇಳು ವರ್ಷ ಬರೆದ, ಒಂದು ಹಾಳೆ ವಾಪಸ್ ಬಂದಿಲ್ಲ. ಕಂಪ್ಯೂಟರ್ ಬಂದ ಮೇಲೆ ಟಪಾಲಿಗೆ ಹಾಕಿದ್ರು," ಎಂದರು. ಕೊಕ್ಕೆಯ ಬಗ್ಗೆ ಕೇಳಿದ್ದಕ್ಕೆ ನಕ್ಕರು. "ಅದು ನಾನೇ ಕಲಿಸಿದ್ದು. ನಾಲ್ಕರ ಬಾಲ ಹಾಗೆ ಎತ್ತಿಬಿಟ್ರೆ ಮುಂದೆ ಯಾರೂ ಅದನ್ನ ಬೇರೆ ಅಂಕಿ ಮಾಡೋಕಾಗಲ್ಲ. ಕಳ್ಳರಿಗೆ ಬೇಲಿ."

ಜುಲೈ 18, ಗುರುವಾರ, ಬೆಳಿಗ್ಗೆ 11 ಗಂಟೆಗೆ ಟಪಾಲು ವಿಭಾಗದಲ್ಲಿ, ಪಂಚರ ಎದುರು, ಅಪ್ಪನ ಜೇಬಿನಿಂದ ಒಂದು ಕಪ್ಪು ಶಾಯಿಯ ಪೆನ್ನು, ಮೇಜಿನ ಡ್ರಾಯರಿನಿಂದ ಹಳದಿ ಗೋಂದಿನ ಶೀಶೆ ವಶವಾದವು. ಅಪ್ಪ ತಾವೇ ಡ್ರಾಯರಿನ ಬೀಗ ತೆಗೆದುಕೊಟ್ಟರು. ಸಹೋದ್ಯೋಗಿಗಳು ಕಡತದ ಮರೆಯಿಂದ ನೋಡುತ್ತಿದ್ದರು. 12.20ಕ್ಕೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಈ ಸಲ ಅವರು ಕುರ್ಚಿಯಲ್ಲಿ ಕುಳಿತರು.

"ಯಾವಾಗ ತೆರೆದ್ರಿ?"

"ಹದಿಮೂರನೇ ತಾರೀಕು. ಎಲ್ಲರೂ ಊಟಕ್ಕೆ ಹೋದಾಗ."

"ಯಾಕೆ?"

"ಮಗಳದ್ದಲ್ವಾ. ಬರೀ ನೋಡಿ ಮುಚ್ಚಿಡೋಣ ಅಂತಲೇ ತೆರೆದದ್ದು. ಎಲ್ಲರಿಗಿಂತ ಮುಂಚೆ ನಾನು ನೋಡೋಣ ಅಂತ."

"ನೋಡಿದಾಗ?"

"ಒಂದು, ಎರಡು, ಒಂದು, ಒಂದು, ಎರಡು ಅಂತಿತ್ತು. ಪಕ್ಕದಲ್ಲಿ ನಾಲ್ಕು ನಾಲ್ಕು ಅಂತ ಅಚ್ಚಾಗಿತ್ತು. ನಾಲ್ಕಕ್ಕೆ ಒಂದು ಅಂದ್ಕೊಂಡೆ. ನಮ್ಮ ಅಂಕಪಟ್ಟಿಯಲ್ಲಿ ಗರಿಷ್ಠ ಅಂಕ ಅಲ್ಲೇ ಇರೋದು ಮೇಡಂ."

"ಎರಡನ್ನ ಯಾಕೆ ಮುಟ್ಟಲಿಲ್ಲ?"

ಅವರಿಗೆ ಆ ಪ್ರಶ್ನೆ ಆಶ್ಚರ್ಯ ತಂದಿತು. "ನಾಲ್ಕಕ್ಕೆ ಎರಡು ಪಾಸಲ್ವಾ? ಪಾಸಾಗಿದ್ದನ್ನ ಯಾಕೆ ತಿದ್ದಲಿ?"

"ಹಿಂಬದಿ ನೋಡಲಿಲ್ಲ?"

"ಇಷ್ಟು ವರ್ಷದಲ್ಲಿ ಯಾವ ಅಂಕಪಟ್ಟಿನೂ ತಿರುಗಿಸಿ ನೋಡಿದವನಲ್ಲ. ಹಿಂದೆ ನಿಯಮ ಇರುತ್ತೆ. ನಾವು ಬರೆಯೋಕೆ ಅಲ್ಲಿ ಏನೂ ಇರಲ್ಲ."

"ಮಗಳು ಮನೇಲೇ ಇದ್ದಳಲ್ಲ. ಕೇಳಬಹುದಿತ್ತು."

ಅವರು ಮೇಜಿನ ಅಂಚನ್ನು ಬೆರಳಲ್ಲಿ ಉಜ್ಜಿದರು. "ಚೆನ್ನಾಗಿ ಮಾಡಿದೀನಿ ಅಂದಿದ್ಲು. ಎಲ್ಲ ಮಕ್ಕಳೂ ಹಾಗೇ ಹೇಳ್ತಾರೆ. ಗುಮಾಸ್ತನ ಮಗಳು ಹೊರದೇಶಕ್ಕೆ ಹೋದ್ಲು, ಮುಖ ಮುರ್ಕೊಂಡು ಬರ್ತಾಳೆ ಅಂತ ಕಚೇರಿಯಲ್ಲಿ ಬೆನ್ನ ಹಿಂದೆ ಆಡ್ಕೊಂಡು ನಗ್ತಿದ್ರು. ನಾನು ಅವರ ಜೊತೆ ಜಗಳ ಆಡ್ತಿದ್ದೆ. ಆದ್ರೆ ಆ ಒಂದನ್ನ ನೋಡಿದಾಗ, ಅವರು ಹೇಳಿದ್ದೇ ಆಯ್ತಲ್ಲ ಅನ್ನಿಸ್ತು."

"ಆಮೇಲೆ ಅವಳು ಒಂದು ಅಂದ್ರೆ ಮೇಲು ಅಂತ ಅತ್ತಾಗ?"

"ನಾಲಿಗೆ ಏಳಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ. ಪ್ರೊಫೆಸರರೇ ಮಾಡಿದ್ದು ಅಂತ ಅವಳು ಬೈದಾಗ ನಾನೂ ಹೂಂ ಅಂದೆ." ಅವರು ಮೇಡಂ ಪೆನ್ನಿನತ್ತ ನೋಡಿದರು. "ಅದೊಂದನ್ನ ಬರ್ಕೋಬೇಡಿ ಮೇಡಂ."

ಮೇಡಂ ಬರೆದುಕೊಂಡರು. ಬರೆದುಕೊಳ್ಳಲೇಬೇಕಿತ್ತು.

ಬಂಧನ ಪತ್ರದಲ್ಲಿ ಒಂದು ಸಾಲಿದೆ: ಬಂಧನದ ವಿಷಯವನ್ನು ಆರೋಪಿಯ ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಹುಡುಗಿಯ ತಾಯಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಇರುವ ಸಂಬಂಧಿ ಒಬ್ಬಳೇ, ಅವಳೇ ದೂರುದಾರಳು. 2.35ಕ್ಕೆ ಅವಳು ಓಡೋಡಿ ಬಂದಳು. ಆರೋಪಿ ಸಿಕ್ಕಿದ್ದಾನೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದರು.

"ಪ್ರೊಫೆಸರ್ ತಾನೇ?" ಎಂದಳು ಬಾಗಿಲಲ್ಲೇ.

ದಫೇದಾರರು ತಲೆ ತಗ್ಗಿಸಿದರು. ಅವಳು ಒಳಗೆ ನೋಡಿದಳು. ಅಪ್ಪ ಕುರ್ಚಿಯಲ್ಲಿದ್ದರು, ಜೇಬಿನಲ್ಲಿ ಪೆನ್ನು ಒಂದೇ ಇತ್ತು.

ಮೇಡಂ ಎಲ್ಲವನ್ನೂ ಹೇಳಿದರು, ಏನೂ ಬಿಡಲಿಲ್ಲ. ಹುಡುಗಿ ನಿಂತೇ ಕೇಳಿಸಿಕೊಂಡಳು. ಅಪ್ಪ ಎದ್ದು, "ನಿನ್ನ ಒಳ್ಳೇದಕ್ಕೇ ಅಂತ ಮಾಡಿದೆನಮ್ಮ. ನೀನು ಫೇಲಾಗಬಾರದು ಅಂತ," ಎಂದರು.

"ನಾನು ಎಲ್ಲಿ ಫೇಲಾಗಿದ್ದೆ ಅಪ್ಪ?"

ಅಪ್ಪ ಮತ್ತೆ ಕುರ್ಚಿಯಲ್ಲಿ ಕುಳಿತರು.

"ತಿದ್ದಿದ್ದಕ್ಕೆ ನನಗೆ ಅಷ್ಟು ನೋವಿಲ್ಲ," ಎಂದಳು ಅವಳು. ಧ್ವನಿ ಏರಿರಲಿಲ್ಲ. "ಅಲ್ಲಿ ಭಾಷೆ ಬರದೆ ಒಂದು ತಿಂಗಳು ಪುಸ್ತಕ ಎದೆಗೆ ಒತ್ಕೊಂಡು ಅತ್ತೆ. ಬಿಟ್ಟು ಬಂದುಬಿಡೋಣ ಅನ್ನಿಸಿದಾಗೆಲ್ಲ, ಅಪ್ಪ ಒಬ್ಬರಾದ್ರೂ ನಂಬಿದಾರಲ್ಲ ಅಂತ ಕೂತು ಓದಿದೆ. ನೀವು ಒಂದು ಅಂಕಿ ನೋಡಿ, ಒಂದೇ ನಿಮಿಷದಲ್ಲಿ ನಂಬಿದ್ರಿ. ನಾನು ದಡ್ಡಿ ಅಂತ. ಇಷ್ಟು ದಿನ ಜೊತೆಗೆ ಕೂತು ಊಟ ಮಾಡಿದ್ರಿ."

ದಫೇದಾರರು ಬಂಧನ ಪತ್ರ ಮುಂದಿಟ್ಟು ಸಹಿಯ ಜಾಗ ತೋರಿಸಿದರು. ಹುಡುಗಿ ಹಾಳೆಯ ಮುಂಬದಿ ಓದಿದಳು. ಆಮೇಲೆ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಬಂಧಿತನ ಹಕ್ಕುಗಳನ್ನು ಒಂದೊಂದಾಗಿ ಓದಿದಳು. ಅಪ್ಪ ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನೇ ನೋಡುತ್ತಿದ್ದರು. ಕೊನೆಯ ಸಾಲು ಮುಗಿದ ಮೇಲೆ ಅವಳು ಹಾಳೆಯನ್ನು ಮುಂದಕ್ಕೆ ತಿರುಗಿಸಿ ಸಹಿ ಹಾಕಿ, ‘ಸಂಬಂಧ’ ಎಂಬಲ್ಲಿ ‘ಮಗಳು’ ಎಂದು ಬರೆದಳು. ಆಗ ಸಮಯ 3.05.

ಜುಲೈ 26ರಂದು ಸಮಿತಿ ಇಪ್ಪತ್ತು ಕ್ರೆಡಿಟ್ಟುಗಳನ್ನೂ ವರ್ಗಾಯಿಸಿತು. ಪ್ರೊಫೆಸರ್ ಸಹಿ ಹಾಕಿದರು, ಕ್ಷಮೆ ಕೇಳಲಿಲ್ಲ, ಯಾರೂ ಅವರನ್ನು ಕೇಳಲೂ ಇಲ್ಲ. 29ಕ್ಕೆ ಡಿಗ್ರಿ ಕೈಗೆ ಬಂತು. ಅಪ್ಪನಿಗೆ ಜಾಮೀನು ನಿಂತವಳೂ ಅವಳೇ. ಅವರು ಮನೆಗೆ ಬಂದ ಸಂಜೆ ಅವಳು ಹೊರಟಳು. ಬಾಗಿಲ ತನಕ ಬಂದ ಅಪ್ಪ ಪೆಟ್ಟಿಗೆ ಎತ್ತಿಕೊಡಲು ಹೋದಾಗ, ಭಾರ ಇಲ್ಲ, ಬಿಡಿ, ಎಂದಳಂತೆ. ಕೆಲಸದಿಂದ ಅಮಾನತಾಗಿದ್ದ ಅವರು ಅದನ್ನು ಠಾಣೆಗೆ ಹಾಜರಿ ಹಾಕಲು ಬಂದಾಗ ದಫೇದಾರರಿಗೆ ಹೇಳಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ," ಎಂದರು ದಫೇದಾರರು, ಅವರು ಹೋದ ಮೇಲೆ. "ಈ ಮನುಷ್ಯನ ಕಣ್ಣಿಗೆ ಚಿನ್ನವೇ ಹೆಗ್ಗಣವಾಗಿ ಕಾಣ್ತಲ್ಲ ಮೇಡಂ."

ಮೇಡಂ ದೋಷಾರೋಪ ಪಟ್ಟಿಯ ಕೊನೆಯ ಪುಟದಲ್ಲಿದ್ದರು. ‘ಕೃತ್ಯದ ಉದ್ದೇಶ’ ಎಂಬ ಅಂಕಣಕ್ಕೆ ಐದು ಸಾಲು ಜಾಗವಿತ್ತು. ಪ್ರೀತಿ ಎಂದು ಬರೆಯಲು ಪೆನ್ನು ಊರಿದವರು ತಡೆದರು. ಪ್ರೀತಿಯಿಲ್ಲ ಎಂದೂ ಬರೆಯುವಂತಿರಲಿಲ್ಲ. ಕೊನೆಗೆ ಒಂದೇ ಸಾಲು ಬರೆದರು: ‘ಮಗಳು ಪಾಸಾಗಿರಬಹುದು ಎಂದು ಆರೋಪಿಗೆ ತೋಚಲಿಲ್ಲ.’

"ಇಷ್ಟೇನಾ ಮೇಡಂ?"

"ಇಷ್ಟೇ," ಎಂದು ಕಡತ ಮುಚ್ಚಿದರು.